ಕಚ್ಚುವ ಮೀನಿನ ಜೊತೆಗಾರ

ನೀಲಿ ಮೀನು ಮತ್ತೆ ಹಳದಿಯ ಬಾಲ ಹರಿದಿತ್ತು. ಕಿರಿಸೊಸೆ ಗಾಜಿಗೆ ಹಣೆ ಒತ್ತಿ ನೋಡಿದಳು. ಗಂಡನ ಗೆಳೆಯರು ಮದುವೆಗೆ ಕೊಟ್ಟಿದ್ದ ಆರಡಿ ಉದ್ದದ ತೊಟ್ಟಿ. ಅಷ್ಟು ಜಾಗವಿದ್ದರೂ ಹಳದಿ ಮೀನು ಗಾಳಿಯ ಕೊಳವೆಯ ಹಿಂದೆ ಅಂಟಿಕೊಂಡಿತ್ತು. ನೀಲಿ ಮೀನು ತನ್ನಪ್ಪನ ಆಸ್ತಿಯೋ ಎಂಬಂತೆ ಈ ತುದಿಯಿಂದ ಆ ತುದಿಗೆ ಮೆರೆಯುತ್ತಿತ್ತು.

ಮನೆಯಲ್ಲಿ ಅದಕ್ಕೆ ಯಜಮಾನ ಎಂದೇ ಹೆಸರು. ಅತ್ತೆಗೆ ಅದೆಂದರೆ ಪ್ರಾಣ. ಬೇರೆ ತೊಟ್ಟಿಗೆ ಹಾಕೋಣವೇ ಎಂದು ಒಮ್ಮೆ ಕೇಳಿದ್ದಕ್ಕೆ, ಮನೆಯ ಹಿರಿಯರನ್ನು ಹೊರಗೆ ಹಾಕುವ ಬುದ್ಧಿ ತವರಿನಿಂದಲೇ ಬಂದದ್ದೋ ಎಂದು ಹಂಗಿಸಿ ಕಿರಿಸೊಸೆಯನ್ನು ಅಳಿಸಿದ್ದರು.

ಅತ್ತೆಯ ನಾಲಿಗೆಗೆ ಕಾರಣ ಬೇಕಿರಲಿಲ್ಲ. ಉಪ್ಪು ಹೆಚ್ಚಾದರೂ ಮಾತು, ಕಡಿಮೆಯಾದರೂ ಮಾತು. ಬಾಗಿಲು ಸದ್ದಾದರೆ ಪೊಗರು, ಸದ್ದಾಗದಿದ್ದರೆ ಕಳ್ಳಹೆಜ್ಜೆ. ಇವತ್ತು ಬೆಳಗ್ಗೆ ಒಗೆದ ಬಟ್ಟೆಯ ಬುಟ್ಟಿಯನ್ನು ನೆಲಕ್ಕೆ ಸುರಿದು, ಮತ್ತೆ ಒಗೆ ಎಂದಿದ್ದರು. ಗಂಡ ಪತ್ರಿಕೆಯ ಹಿಂದೆ ತಲೆ ಮರೆಸಿಕೊಂಡಿದ್ದ.

ಅತ್ತೆ ಅತ್ತ ಹೋದ ಮೇಲೆ ಹಿರಿಸೊಸೆ ಬಂದಳು. ಯಾವಾಗಲೂ ಹಾಗೆಯೇ, ಗಾಳಿ ಅಡಗಿದ ಮೇಲೆಯೇ ಬರುತ್ತಿದ್ದಳು. ಬಟ್ಟೆ ಹಿಂಡಲು ಕೈಜೋಡಿಸಿದಳು, ಬೆನ್ನು ಸವರಿದಳು. ಈ ಅಕ್ಕ ಇಲ್ಲದಿದ್ದರೆ ತಾನು ಎಂದೋ ಗಂಟುಮೂಟೆ ಕಟ್ಟುತ್ತಿದ್ದೆ ಎಂದು ಕಿರಿಸೊಸೆ ನೂರು ಸಲ ಅಂದುಕೊಂಡಿದ್ದಾಳೆ.

ಅವಳನ್ನು ಈ ಮನೆಗೆ ತಂದವಳೇ ಅಕ್ಕ. ಅತ್ತೆಯ ಕಣ್ಣಿದ್ದದ್ದು ಒಬ್ಬ ವಕೀಲೆಯ ಮೇಲೆ. ದೊಡ್ಡ ಮನೆತನದ ಹುಡುಗಿ, ಮಾತಿಗೆ ಮಾತು ಕೊಡುವವಳು. ಅಕ್ಕನೊಬ್ಬಳೇ ಹಟ ಹಿಡಿದು, ಅವರಿವರ ಕಾಲಿಗೆ ಬಿದ್ದು, ಈ ಸಂಬಂಧ ಕುದುರಿಸಿದಳು. ಮದುವೆಯ ಮಾತಿಗೆ ಬಂದ ದಿನ ಉಳಿದವರೆಲ್ಲ ಓದು, ಕೆಲಸ ಎಂದು ವಿಚಾರಿಸುತ್ತಿದ್ದರೆ, ಅಕ್ಕ ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ ಮಾತು.

“ಯಾರಾದ್ರೂ ಸುಮ್ಮಸುಮ್ಮನೆ ರೇಗಿದ್ರೆ ಏನ್ ಮಾಡ್ತೀಯ?”

“ಏನಿಲ್ಲ ಅಕ್ಕ. ಮೂಲೆಗೆ ಸರಿದು ಸುಮ್ಮನಾಗ್ತೀನಿ.”

ಅಕ್ಕನ ಕಣ್ಣು ತುಂಬಿಬಂದಿತ್ತು. ಎಂಥ ಮೃದು ಮನಸ್ಸು ಎಂದು ಹುಡುಗಿ ಕರಗಿಹೋಗಿದ್ದಳು.

ಆಗ ಅಕ್ಕ ಕಡ್ಡಿಯಂತಿದ್ದಳು. ಕಣ್ಣಿನ ಸುತ್ತ ಕಪ್ಪು, ಪಾತ್ರೆ ಬಿದ್ದರೆ ಬೆಚ್ಚುವ ಮೈ. ಈಗ ಕೆನ್ನೆ ತುಂಬಿಕೊಂಡಿವೆ. ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡುತ್ತಾಳೆ, ಹಾಡು ಗುನುಗುತ್ತಾಳೆ. ತಾನು ಬಂದು ಒಂದು ಜೀವಕ್ಕಾದರೂ ಸುಖವಾಯಿತಲ್ಲ ಎಂದು ಕಿರಿಸೊಸೆಗೆ ಒಳಗೊಳಗೇ ಹೆಮ್ಮೆ.

ಆ ಹೆಮ್ಮೆಯೇ ಅವಳ ಕಾಲು ಕಟ್ಟಿಹಾಕಿತು. ಗಂಡ ಜನ್ಮಕ್ಕೊಮ್ಮೆ ಎಂಬಂತೆ ಧೈರ್ಯ ಮಾಡಿ, ಎರಡು ಕೋಣೆಯ ಬಾಡಿಗೆ ಮನೆ ಹಿಡಿದು ಬೀಗದ ಕೈ ತಂದಿದ್ದ. ಅಲ್ಲಿನ ಕಿಟಕಿಗೆ ಹಾಕುವ ಪರದೆಯ ಬಣ್ಣವನ್ನೂ ಅವಳು ಮನಸ್ಸಿನಲ್ಲೇ ಆರಿಸಿಟ್ಟಿದ್ದಳು. ಸುದ್ದಿ ಕೇಳಿದ ಅಕ್ಕನ ಮುಖ ಬಿಳಿಚಿಕೊಂಡಿತು.

“ನೀನು ಹೋದ್ರೆ ನನ್ನ ಗತಿ ಏನೇ? ನಾನು ಉಳಿದಿರೋದೇ ನಿನ್ನಿಂದ,” ಎಂದು ಕೈ ಹಿಡಿದಳು.

ಅಷ್ಟು ಪ್ರೀತಿಯನ್ನು ತುಳಿದು ಹೋಗುವುದು ಹೇಗೆ? ಇವತ್ತು ಮಧ್ಯಾಹ್ನ ಕಿರಿಸೊಸೆ ತಾನೇ ಹೋಗಿ ಮನೆಯ ಮಾಲೀಕನಿಗೆ ಬೀಗದ ಕೈ ಹಿಂದಿರುಗಿಸಿದಳು. ಅವನು ಅದನ್ನು ಅವಳೆದುರೇ, ಕಾದು ಕೂತಿದ್ದ ಬೇರೊಂದು ಜೋಡಿಯ ಕೈಗಿಟ್ಟ. ಗಂಡ ಇನ್ನೊಂದು ಮನೆ ಹುಡುಕುವ ಪೈಕಿಯವನಲ್ಲ. ಅಕ್ಕನಿಗೋಸ್ಕರ ಎಂದುಕೊಂಡು ಹೊರಟಳು.

ಬರುವಾಗ ಬಸ್ ನಿಲ್ದಾಣದ ಎದುರಿನ ಬಣ್ಣದ ಮೀನಿನ ಅಂಗಡಿ ಹೊಕ್ಕಳು. ತನ್ನ ಪಾಡು ಇದ್ದದ್ದೇ, ಆ ಹಳದಿಗಾದರೂ ಒಂದು ದಾರಿಯಾಗಲಿ ಎಂದು. ಅಂಗಡಿಯವನಿಗೆ ಅವಳ ಗುರುತು ಸಿಕ್ಕಿತು. ಅವರ ಹಜಾರದಲ್ಲಿ ತೊಟ್ಟಿ ಕೂರಿಸಿದವನೇ ಅವನು. ಅವಳು ಕಷ್ಟ ಹೇಳಿಕೊಂಡಾಗ ಬಾಯ್ತುಂಬ ನಕ್ಕ.

“ಸಿಕ್ಲಿಡ್ ಜಾತಿನೇ ಹಾಗೆ ತಾಯಿ, ಜಾಗಕ್ಕೋಸ್ಕರ ಜೀವ ತೆಗೀತವೆ. ಜೊತೆಗೆ ಒಂದೇ ಮೀನಿದ್ರೆ ಕಡಿತ ಎಲ್ಲಾ ಅದಕ್ಕೇ. ಇನ್ನೊಂದು ಸಾಧು ಮೀನು ಬಿಡಿ. ಕಚ್ಚೋದು ಹೊಸದನ್ನ ಹಿಡ್ಕೊಳ್ಳುತ್ತೆ, ಹಳೇದು ಉಸಿರಾಡುತ್ತೆ. ನಿಮ್ಮ ಅಕ್ಕನಿಗೂ ಇದನ್ನೇ ಹೇಳಿದ್ದೆ.”

ಅಕ್ಕನೂ ಬಂದಿದ್ದಳೇ ಎಂದು ಅವಳಿಗೆ ಅಚ್ಚರಿಯಾಯಿತು. ಬಸ್ಸಿಗೆ ಕಾಯುವಾಗೆಲ್ಲ ಬಂದು ಗಾಜಿನ ಮುಂದೆ ನಿಲ್ಲುತ್ತಿದ್ದರು ಎಂದ ಅಂಗಡಿಯವನು. ಕಚ್ಚುವುದನ್ನು ತೆಗೆಯುವ ಹಾಗಿಲ್ಲ, ಕಚ್ಚಿಸಿಕೊಳ್ಳುವುದು ಉಳಿಯುವ ಹಾಗಿಲ್ಲ, ಏನು ಮಾಡಲಿ ಎಂದು ಕಣ್ಣೀರು ಹಾಕಿದ್ದರಂತೆ. ಸಾಧು ಮೀನು ಯಾವುದೆಂದು ಮೊದಲೇ ತಿಳಿಯುವುದು ಹೇಗೆ ಎಂದೂ ಕೇಳಿದ್ದರಂತೆ.

“ಗಾಜು ತಟ್ಟಿ ನೋಡಿ ಅಂದೆ. ತಿರುಗಿ ಬಿದ್ರೆ ಬೇಡ. ಮೂಲೆಗೆ ಸರಿದು ಸುಮ್ಮನಾದ್ರೆ ಅದೇ ಸರಿ.”

ಕಿರಿಸೊಸೆ ಗಾಜು ತಟ್ಟಿದಳು. ಮೀನುಗಳೆಲ್ಲ ಬಾಯಿ ತೆರೆದು ಮುನ್ನುಗ್ಗಿದವು. ಒಂದು ಬೂದು ಬಣ್ಣದ್ದು ಮಾತ್ರ ಮೂಲೆಗೆ ಸರಿದು ನಿಂತಿತು. ಅದನ್ನೇ ಕೊಡಿ ಎಂದಳು.

“ಅಕ್ಕ ಆಗ ಯಾವ ಮೀನು ತಗೊಂಡ್ರು?” ಎಂದು ಕೇಳಿದಳು. “ನಮ್ಮ ತೊಟ್ಟೀಲಿ ಅಂಥದ್ದು ಯಾವುದೂ ಇಲ್ವಲ್ಲ.”

“ಅವರು ಮೀನು ಎಲ್ಲಿ ತಗೊಂಡ್ರು ತಾಯಿ?” ಅಂಗಡಿಯವನು ನೀರು ತುಂಬಿದ ಚೀಲಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಅವಳ ಕೈಗಿತ್ತ. “ನಿಮ್ಮ ಮದುವೆಗೂ ಮುಂಚಿನ ಮಾತದು. ಆಗಿನ್ನೂ ನಿಮ್ಮನೇಲಿ ತೊಟ್ಟೀನೇ ಇರ್ಲಿಲ್ಲ.”