ಗುರುವಾರದ ಎಣ್ಣೆ

ಸಾಯಬಣ್ಣ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು, ಅಂಗಿಯೊಳಗಿನ ಬಾಟಲಿಯನ್ನು ಬಗ್ಗಿಸಿದ. ಎಣ್ಣೆ ಸದ್ದಿಲ್ಲದೆ ಒಳಗಿಳಿಯಿತು. ಸ್ಟೇಶನ್ ಬಜಾರದ ಹಗಲಿನ ಗದ್ದಲದಲ್ಲಿ ಯಾರೂ ಅವನತ್ತ ನೋಡಲಿಲ್ಲ. ನೋಡಿದ್ದರೂ, ಮೆಕ್ಯಾನಿಕ್ ಕಾರಿನ ಪಕ್ಕ ನಿಲ್ಲುವುದರಲ್ಲಿ ವಿಶೇಷವೇನಿದೆ?

ಬೀಗದ ಕೈ ಕೊಟ್ಟವನು ಕಾರಿನ ಡ್ರೈವರ್ ದತ್ತಪ್ಪನೇ. ಪ್ರತಿ ಗುರುವಾರ ಕಾರಿನ ಒಡತಿ ಅಕ್ಬರಿ ಬೇಗಂ ಕಮಲಾಪುರದಿಂದ ಬಂದು ತಂಗಿಯ ಮನೆಗೆಂದು ಇಲ್ಲಿ ಇಳಿಯುತ್ತಿದ್ದರು. ಆ ಓಣಿಯಲ್ಲಿ ಕಾರು ಹೋಗದು. ದತ್ತಪ್ಪ ಅದನ್ನು ಸಾಯಬಣ್ಣನ ಶೆಡ್ಡಿನ ಮುಂದೆ ನಿಲ್ಲಿಸುತ್ತಿದ್ದ.

"ಅಣ್ಣಾ, ಚಾ ಕುಡದು ಬರ್ತೀನಿ. ಗಾಡಿ ಕಡಿ ಜರಾ ನೋಡ್ಕೋ."

ಆ ನಂಬಿಕೆಯೇ ಸಾಯಬಣ್ಣನ ಮೈ ಉರಿಸುತ್ತಿತ್ತು. ಇಬ್ಬರೂ ಒಬ್ಬನೇ ಉಸ್ತಾದನ ಬಳಿ ಪಾನಾ ಹಿಡಿದು ಕೆಲಸ ಕಲಿತವರು. ಸಾಯಬಣ್ಣ ಆರು ವರ್ಷ ದೊಡ್ಡವ, ಕೆಲಸದಲ್ಲಿ ಹತ್ತು ಪಾಲು ದೊಡ್ಡವ ಎಂದು ಅವನ ಲೆಕ್ಕ. ಬೇಗಂ ಅವರ ಹಳೆಯ ಕಾರು ಹದಿನೈದು ವರ್ಷ ಅವನ ಕೈಯಲ್ಲೇ ಇತ್ತು. ೧೯೮೮ರಲ್ಲಿ ಪರದೇಶದಲ್ಲಿದ್ದ ಅವರ ತಮ್ಮ ಹಡಗಿನಲ್ಲಿ ಈ ಜಪಾನಿ ಕಾರನ್ನು ಕಳಿಸಿದ. ಸಾಯಬಣ್ಣ ಬಾನೆಟ್ ಎತ್ತಿ, ಜೊತೆಗೆ ಬಂದ ಪುಸ್ತಕದ ಚಿತ್ರ ನೋಡಿ ನಕ್ಕುಬಿಟ್ಟ. ಒಳಗೆ ಪಿಸ್ಟನ್ನೇ ಇಲ್ಲ! ಮೂರು ಮೂಲೆಯ ಒಂದು ಗಡ್ಡೆ ಗರಗರ ತಿರುಗುತ್ತದೆ. ಅದರ ಮೂಲೆಮೂಲೆಗೂ ಬೆರಳಿನಷ್ಟು ಉದ್ದದ ಒಂದೊಂದು ಪಟ್ಟಿ, ಅದೇ ಸೀಲು. ಸೀಲು ಹೋದರೆ ಎಂಜಿನ್ ಹೋಯಿತು.

"ಇದಕ್ಕ ಎಂಜಿನ್ ಅಂತಾರೇನ್ರೀ? ನಾ ಮುಟ್ಟಂಗಿಲ್ಲ" ಎಂದುಬಿಟ್ಟ.

ದತ್ತಪ್ಪ ಮುಟ್ಟಿದ. ಅದೇ ತಪ್ಪಾಯಿತು. ಬೇಗಂ ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಮಾತು ಕೊಟ್ಟರು: "ಎರಡ ವರ್ಷ ಈ ಎಂಜಿನ್ ನಡೀತಂದ್ರ ಕಮಲಾಪುರ ಬಸ್ ಸ್ಟ್ಯಾಂಡ್ ಬಾಜೂಕಿನ ನನ್ನ ಗ್ಯಾರೇಜು ದತ್ತಪ್ಪಗ. ಕೆಟ್ಟರ ಸಾಯಬಣ್ಣಗ."

ದತ್ತಪ್ಪ ಆ ಕಾರಿನ ಡ್ರೈವರೂ ಆದ, ಮೆಕ್ಯಾನಿಕ್ಕೂ ಆದ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ, ಆದರೆ ಸಾಯಬಣ್ಣನ ಬಳಿ ಬಾಟಲಿ ಇತ್ತು. ಸ್ಕೂಟರಿಗೆ, ಆಟೋಗೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬೇಕು. ಕಾರಿಗೆ ಬೆರೆಸಿದರೆ ಒಳಗೆಲ್ಲ ಮಸಿ ಕಟ್ಟಿ ಎಂಜಿನ್ ಸಾಯುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಮ್ಮೆಗೇ ಸುರಿದರೆ ಹೊಗೆ ಬಂದು ಸಿಕ್ಕಿಬೀಳುವ ಭಯ. ಆದ್ದರಿಂದ ವಾರಕ್ಕೆ ಪಾವು ಲೀಟರ್, ಮೊದಲ ತಿಂಗಳಿನಿಂದಲೇ.

ಕಾರು ಸಾಯಲಿಲ್ಲ. ವಾರ ಕಳೆದಂತೆ ದತ್ತಪ್ಪನ ಮುಖ ಅರಳುತ್ತ ಹೋಯಿತು, ಸಾಯಬಣ್ಣನ ನಿದ್ದೆ ಕೆಡುತ್ತ ಹೋಯಿತು.

"ಪಕ್ಕಾ ಎಂಜಿನ್ ನೋಡಣ್ಣಾ. ಬಂದಾಗಿಂದ ಕಡ್ಡಿ ಅದ್ದಿ ನೋಡ್ತೀನಿ, ಎಂಜಿನ್ನಿನ ಎಣ್ಣಿ ಒಂದ ಹನಿ ಕಮ್ಮಿ ಆಗಿಲ್ಲ" ಎಂದು ದತ್ತಪ್ಪ ಬೀಗುತ್ತಿದ್ದ.

ಎರಡು ವರ್ಷಕ್ಕೆ ಇನ್ನೊಂದೇ ವಾರ ಬಾಕಿ. ಈ ಗುರುವಾರ ಸಾಯಬಣ್ಣ ತಾಳ್ಮೆಗೆಟ್ಟು ಪೂರ್ತಿ ಎರಡು ಲೀಟರ್ ಸುರಿದ.

ಕಾರು ಮರಳಿ ಕಮಲಾಪುರ ಮುಟ್ಟಿತು. ಸಂತೆಯ ನಡುವೆ, ಬಾಳೆಗೊನೆಗಳ ರಾಶಿಯ ಮುಂದೆ, ದಟ್ಟ ಹೊಗೆ ಬಿಟ್ಟು ನಿಂತಿತು. ಮತ್ತೆ ಚಾಲೂ ಆಗಲಿಲ್ಲ. ತಳ್ಳಿಕೊಂಡು ಅದೇ ಗ್ಯಾರೇಜಿಗೆ ತಂದರು.

ಬೇಗಂ ಹೈದರಾಬಾದಿನಿಂದ ಒಬ್ಬ ಮಿಸ್ತ್ರಿಯನ್ನು ಕರೆಸಿದರು. ದುಬೈನಲ್ಲಿ ಹನ್ನೆರಡು ವರ್ಷ ಇಂಥ ಎಂಜಿನ್ನುಗಳನ್ನೇ ಬಿಚ್ಚಿದವನು. ಸುದ್ದಿ ಕೇಳಿ ಸಾಯಬಣ್ಣ ಮೊದಲ ಬಸ್ಸಿಗೇ ಕಮಲಾಪುರಕ್ಕೆ ಹೊರಟ. ಗ್ಯಾರೇಜಿನ ಗೋಡೆಗೆ ಯಾವ ಬಣ್ಣ ಬಳಿಸಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ.

ಮಿಸ್ತ್ರಿ ಎಂಜಿನ್ ಬಿಚ್ಚಿದ. ಟ್ಯಾಂಕಿನ ಪೆಟ್ರೋಲನ್ನು ಬೆರಳಿಗೆ ಹಚ್ಚಿ ಉಜ್ಜಿ, ಮೂಸಿ ನೋಡಿದ.

"ಪೆಟ್ರೋಲಿನಾಗ ಎಣ್ಣಿ ಬೆರಸ್ಯಾರ. ಇವತ್ತಿಂದಲ್ಲ, ಭಾಳ ದಿನದಿಂದ. ಯಾರದೀ ಕೆಲಸ?"

ದತ್ತಪ್ಪ ಬೆಪ್ಪಾದ. "ನನಗ ಗೊತ್ತಿಲ್ರೀ. ನಾ ಹಾಕಿಲ್ಲ."

ಸಾಯಬಣ್ಣ ಲೆಕ್ಕ ಹಾಕಿದ. ಈಗ ಸುಮ್ಮನಿದ್ದರೆ ಅನುಮಾನ ತನ್ನ ಶೆಡ್ಡಿನ ಬಾಗಿಲಿಗೇ ಬರುತ್ತದೆ. ಅವನು ಒಂದು ಹೆಜ್ಜೆ ಮುಂದೆ ಬಂದ.

"ಸುಳ್ಳ ಹೇಳಾಕತ್ಯಾನ್ರೀ, ಬೇಗಂ ಸಾಹೇಬ್ರ. ಇವನೇ ಹಾಕ್ಯಾನ. ನನ್ನ ಶೆಡ್ಡಿನ ಮುಂದ ಗಾಡಿ ನಿಂದ್ರಿಸಿ ಪ್ರತಿ ಗುರುವಾರ ಹಾಕ್ತಿದ್ದ. ಎರಡ ವರ್ಷ ಕಣ್ಣಾರೆ ನೋಡೀನಿ."

"ಅಣ್ಣಾ!" ಎಂದ ದತ್ತಪ್ಪ.

ಬೇಗಂ ಸಾಯಬಣ್ಣನನ್ನೇ ದಿಟ್ಟಿಸಿದರು. "ಆಣಿ ಮಾಡಿ ಹೇಳ್ತೀ?"

"ನನ್ನ ಮಕ್ಕಳಾಣಿಗೂ ಖರೇ. ಬೇರೆ ಯಾರೂ ಆ ಟ್ಯಾಂಕ್ ಮುಟ್ಟಿಲ್ಲ, ದತ್ತಪ್ಪನೇ."

ದತ್ತಪ್ಪನ ಕಣ್ಣಲ್ಲಿ ನೀರು ತುಂಬಿತು. ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಸಾಯಬಣ್ಣನ ಹೊಟ್ಟೆ ತಣ್ಣಗಾಯಿತು.

ಮಿಸ್ತ್ರಿ ಮಾತ್ರ ಯಾರ ಮುಖವನ್ನೂ ನೋಡದೆ ಒಂದೊಂದೇ ಸೀಲನ್ನು ಒರೆಸಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಒಂದೂ ಸವೆದಿರಲಿಲ್ಲ, ಒಂದೂ ಮುರಿದಿರಲಿಲ್ಲ. ಆಮೇಲೆ ಹೆಬ್ಬೆರಳಿನಷ್ಟು ದಪ್ಪದ, ತುಕ್ಕು ತಿಂದ ಒಂದು ಪಂಪನ್ನು ಕೈಯಲ್ಲಿ ಹಿಡಿದ.

"ಈ ಸೀಲು ಕೆಡೂದು ಕಾವಿಗೆ, ಹಲ್ಕಾ ಪೆಟ್ರೋಲಿಗೆ. ಎಲ್ಲಕ್ಕಿಂತ ಹೆಚ್ಚು ಎಣ್ಣಿ ಸಿಗಲಾರದಕ್ಕ. ಇದು ಎಣ್ಣಿ ಕುಡಿಯೋ ಎಂಜಿನ್ನು. ಎಂಜಿನ್ನಿನ ಎಣ್ಣಿ ಹನಿಹನಿ ಸೀಲಿಗೆ ಕುಡಸೋ ಪಂಪು ಇದು, ಹಡಗಿನಾಗೇ ಜಾಮ್ ಆಗ್ಯದ. ಆರ ತಿಂಗಳ ಸುದ್ದಾ ಬಾಳತಿರಲಿಲ್ಲ. ಈಗ ಗಾಡಿ ನಿಂತದ್ದು ಪ್ಲಗ್ಗಿಗೆ ಮಸಿ ಹತ್ತಿ, ತೊಳದರ ಮುಗೀತು. ವಾರವಾರ ಪೆಟ್ರೋಲಿನಾಗ ಎಣ್ಣಿ ಹಾಕಿದವನೇ ಇದರ ಜೀವ ಉಳಿಸ್ಯಾನ. ಭಾರಿ ಶಾಣ್ಯಾ ಮಿಸ್ತ್ರಿ!"

ಬೇಗಂ ಉಳಿದ ಒಂದು ವಾರದ ಲೆಕ್ಕ ಬಿಟ್ಟು ಗ್ಯಾರೇಜಿನ ಬೀಗದ ಕೈಯನ್ನು ದತ್ತಪ್ಪನ ಅಂಗೈಯಲ್ಲಿಟ್ಟು ಸಾಯಬಣ್ಣನ ಕಡೆ ತಿರುಗಿದರು: "ಇವಾ ತನ್ನ ಹೆಚ್ಚುಗಾರಿಕಿ ತಾನೇ ಹೇಳ್ಕೊಳ್ಳಂಗಿಲ್ಲ. ನೀ ಮಕ್ಕಳಾಣಿ ಮಾಡಿ ಸಾಕ್ಷಿ ಹೇಳಲಿಲ್ಲಂದ್ರ ನನಗ ಗೊತ್ತೇ ಆಗ್ತಿರಲಿಲ್ಲ ನೋಡು."