ನಾಲ್ಕನೆಯ ಬೋಲ್ಟು

ಸೊಸೆಗೆ ಒಂದು ವಿಷಯ ಖಚಿತವಾಗಿತ್ತು: ಮೇಜಿನ ಮೇಲಿರುವ ಈ ಡಿಫರೆನ್ಷಿಯಲ್‌ನಲ್ಲಿ, ಲಾರಿಯ ಹಿಂದಿನ ಚಕ್ರಗಳನ್ನು ತಿರುಗಿಸುವ ಈ ಗೇರುಗಳ ಜೋಡಣೆಯಲ್ಲಿ, ಮಾವ ಎಲ್ಲೋ ಒಂದು ತಪ್ಪು ಬಚ್ಚಿಟ್ಟಿದ್ದಾರೆ. ಊಟದ ಗಂಟೆಯೊಳಗೆ ಅದನ್ನು ಹುಡುಕಬೇಕು. ಹುಡುಕದಿದ್ದರೆ ಆರು ತಿಂಗಳ ಈ ತಾತ್ಕಾಲಿಕ ಕೆಲಸ ಇವತ್ತಿಗೇ ಮುಗಿಯಿತು.

ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕಳೆದ ತಿಂಗಳು ಈ ವರ್ಕ್‌ಶಾಪಿನಿಂದ ಹೋದ ಎರಡು ಲಾರಿಗಳು ಹಿಂದಿನ ಆಕ್ಸಲ್ಲಿನಲ್ಲಿ ಗೋಳಿಡುತ್ತ ವಾಪಸು ಬಂದಿದ್ದವು. ಅವುಗಳಲ್ಲಿ ಅವಳು ಮಾಡಿದ್ದು ಎಣ್ಣೆ ತುಂಬಿ ಮುಚ್ಚಳ ಬಿಗಿದದ್ದಷ್ಟೆ. ಆದರೂ ಅಲ್ಲಿ ಹೊಸಬಳೆಂದರೆ ಅವಳೊಬ್ಬಳೇ. ಬೆಳಿಗ್ಗೆ ಮ್ಯಾನೇಜರಮ್ಮ ಕರೆದು ಒಂದು ಬಿಳಿ ಹಾಳೆ ಕೈಗಿಟ್ಟರು.

"ನೋಡಮ್ಮ, ಇದನ್ನ ಪೂರ್ತಿ ಪರೀಕ್ಷೆ ಮಾಡು. ಏನು ಕಂಡ್ರೂ ಬರಿ. ಈ ಹಾಳೆ ಮೇಲೆ ಒಬ್ಬರ ಕೆಲಸ ನಿಂತಿದೆ."

"ಗೊತ್ತು ಮೇಡಂ," ಎಂದಳು ಸೊಸೆ.

ಮಾವ ಅಲ್ಲಿ ಮೂವತ್ತೆಂಟು ವರ್ಷದಿಂದ ಇದ್ದವರು. ಈಗ ಹೆಡ್ ಮೇಸ್ತ್ರಿ. ಮನೆಯಲ್ಲಿ ಮಾವ, ಗೇಟು ದಾಟಿದರೆ ಮೇಸ್ತ್ರಿ. ಅದು ಅವರೇ ಹಾಕಿದ ಕಟ್ಟುಪಾಡು. ಅಡುಗೆಮನೆಯ ಕಟ್ಟೆಯ ಮೇಲೆ ಹಳೆಯ ಗೇರುಗಳನ್ನು ಹರಡಿಕೊಂಡು ಅವಳಿಗೆ ಕೆಲಸ ಕಲಿಸಿದವರೂ ಅವರೇ. "ಈ ಕಬ್ಬಿಣಾನೇ ಬೇಯಿಸಿ ಬಡಿಸ್ತೀನಿ, ಮಾವ ಸೊಸೆ ಇಬ್ಬರೂ ತಿನ್ನಿ," ಎಂದು ಅತ್ತೆ ಗೊಣಗುತ್ತಿದ್ದರು. ಗೊಣಗುತ್ತಲೇ ಇಬ್ಬರ ಕೈಗೂ ಸೀಮೆಎಣ್ಣೆ ಹಚ್ಚಿ ಒರೆಸುತ್ತಿದ್ದರು.

ಇವತ್ತು ಬಸ್ಸಿನಲ್ಲಿ ಮಾವ ಆಡಿದ್ದು ಒಂದೇ ಮಾತು. "ಯಾರ ಮುಲಾಜೂ ನೋಡಬೇಡ. ನನ್ನದೂ ಸಹ."

ಈಗ ಮೇಜಿನ ಆಚೆ ಸ್ಟೂಲಿನ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ. ಪಕ್ಕದಲ್ಲಿ ತಂದಿಟ್ಟ ಚಹಾ ಕೆನೆಗಟ್ಟಿತ್ತು, ಮುಟ್ಟಿರಲಿಲ್ಲ. ಪರೀಕ್ಷಕರ ಗತ್ತು ಅಂದರೆ ಇದೇ ಇರಬೇಕು ಎಂದುಕೊಂಡಳು ಸೊಸೆ.

ಸಣ್ಣ ಪಿನಿಯನ್ ಚಕ್ರವನ್ನು ಅಲುಗದಂತೆ ಹಿಡಿದು, ಅದಕ್ಕೆ ಹಲ್ಲು ಕೊಟ್ಟು ಕೂತ ದೊಡ್ಡ ಕ್ರೌನ್ ಚಕ್ರವನ್ನು ಹಿಂದೆ ಮುಂದೆ ಅಲುಗಿಸಿದಳು. ಎರಡರ ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಡಿಲ ಇರಬೇಕು. ಹೆಚ್ಚಾದರೆ ಬಡಿತ, ಕಡಿಮೆಯಾದರೆ ಗೋಳು. ಅದನ್ನು ಅಳೆಯುವ ಡಯಲ್ ಗೇಜಿನ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಚಕ್ರ ತಿರುಗಿಸಿ ಇನ್ನೂ ಮೂರು ಕಡೆ ನೋಡಿದಳು. ಅಷ್ಟೇ.

ಹಲ್ಲುಗಳಿಗೆ ಹಳದಿ ಬಣ್ಣ ಸವರಿ ತಿರುಗಿಸಿದಳು. ಹಲ್ಲಿಗೆ ಹಲ್ಲು ತಾಗಿದ ಅಚ್ಚು ನಟ್ಟನಡುವೆ ಬಿದ್ದಿತ್ತು, ಅಳತೆ ಕೊಟ್ಟು ಹೊಲಿಸಿದ ಹಾಗೆ. ಇಷ್ಟು ಚೆನ್ನಾಗಿ ಜೋಡಿಸಿದ್ದರಲ್ಲಿ ತಪ್ಪನ್ನು ಎಲ್ಲಿ ಹುದುಗಿಸಿಟ್ಟರಪ್ಪ ಈ ಮನುಷ್ಯ?

ದಾರಿಯಲ್ಲಿ ಹೋಗುತ್ತಿದ್ದ ವೆಲ್ಡರ್ ನಿಂತು ನೋಡಿದ. "ಏನಮ್ಮಾ ಇದು, ಪರೀಕ್ಷೆ ಸೊಸೆಗೆ, ಬೆವರು ಮಾವಂಗೆ!"

"ನಿನ್ನ ಕೆಲಸ ನೋಡ್ಕೊಂಡು ಹೋಗಯ್ಯ," ಎಂದರು ಮೇಸ್ತ್ರಿ. ಎದ್ದು ಬಂದು ದೀಪವನ್ನು ಅವಳ ಕಡೆಗೆ ಬಾಗಿಸಿದರು. "ಕಾಣ್ತಿದೆಯಾ?"

"ಕಾಣ್ತಿದೆ ಮೇಸ್ತ್ರಿ."

ಉಳಿದದ್ದು ಬೇರಿಂಗುಗಳನ್ನು ಹಿಡಿದಿಡುವ ನಾಲ್ಕು ಬೋಲ್ಟು. ನಾಲ್ಕರ ತಲೆಯ ಮೇಲೂ ಬಿಳಿ ಚುಕ್ಕಿ. ಪೂರ್ತಿ ಬಿಗಿದ ಮೇಲೆ ಚುಕ್ಕಿ ಇಡುವುದು ಆ ವರ್ಕ್‌ಶಾಪಿನ ಪದ್ಧತಿ. ಚುಕ್ಕಿಯಿದ್ದ ಬೋಲ್ಟಿಗೆ ಮತ್ತೊಬ್ಬರು ಸ್ಪ್ಯಾನರ್ ಹಾಕುವುದೆಂದರೆ, ಚುಕ್ಕಿ ಇಟ್ಟವರನ್ನು ಎದುರಿಗೇ ಸುಳ್ಳುಗಾರ ಎಂದಂತೆ. ಅವಳ ಕೈ ಒಂದು ಗಳಿಗೆ ತಡೆಯಿತು. ಆಮೇಲೆ, ಬಿಗಿ ಸರಿಯಾದ ಅಳತೆ ಮುಟ್ಟಿದಾಗ ಟಕ್ ಎನ್ನುವ ಟಾರ್ಕ್ ಸ್ಪ್ಯಾನರ್ ಎತ್ತಿಕೊಂಡಳು.

ಮೊದಲನೆಯದು, ಟಕ್. ಎರಡನೆಯದು, ಟಕ್. ಮೂರನೆಯದು, ಟಕ್.

ನಾಲ್ಕನೆಯದು ತಿರುಗಿತು. ಕಾಲು ಸುತ್ತು, ಅರ್ಧ ಸುತ್ತು. ಆಮೇಲೆ ಟಕ್.

ಅವಳಿಗೆ ನಗು ತಡೆಯಲಾಗಲಿಲ್ಲ. "ಬಿಗೀದೆ ಇರೋದಕ್ಕೆ ಚುಕ್ಕಿ! ಎಲ್ಲಿ ಬಚ್ಚಿಟ್ಟಿದ್ರಿ ಮೇಸ್ತ್ರಿ!"

ಮೇಸ್ತ್ರಿ ತಮ್ಮ ಎರಡು ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. "ಬರಿ," ಎಂದರು. ಅವಳ ಪೆನ್ಸಿಲಿಗೆ ಮೆತ್ತಿದ್ದ ಗ್ರೀಸನ್ನು ತಮ್ಮ ಕರ್ಚೀಫಿನಿಂದ ಒರೆಸಿ ಕೊಟ್ಟರು.

ಅವಳು ಬರೆದಳು. 'ನಾಲ್ಕನೆಯ ಬೋಲ್ಟು ಬಿಗಿದಿಲ್ಲ. ಬಿಗಿಯದೆಯೇ ಚುಕ್ಕಿ ಇಡಲಾಗಿದೆ. ಹೀಗೇ ರಸ್ತೆಗಿಳಿದಿದ್ದರೆ ಚಕ್ರ ಕಚ್ಚಿಕೊಂಡು ಲಾರಿ ಮಗುಚಬಹುದಿತ್ತು.' ಹೇಗೂ ಬೇಕೆಂದೇ ಇಟ್ಟ ತಪ್ಪು. ಖಡಾಖಂಡಿತವಾಗಿ ಬರೆದರೆ ಯಾರಿಗೂ ನೋವಿಲ್ಲ. ಇನ್ನೊಂದು ಸಾಲು ಸೇರಿಸಿದಳು: 'ಇದನ್ನು ಮಾಡಿದ ಕೈಗೆ ಇನ್ನು ಮುಂದೆ ಡಿಫರೆನ್ಷಿಯಲ್ ಕೆಲಸ ಕೊಡಬಾರದು.'

ಮ್ಯಾನೇಜರಮ್ಮ ಹಾಳೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು.

"ಈ ಕೊನೇ ಸಾಲು ಇರಬೇಕಾ?"

ತನ್ನ ಎದೆಗಾರಿಕೆಯನ್ನೂ ನೋಡುತ್ತಿದ್ದಾರೆ ಎಂದುಕೊಂಡಳು ಸೊಸೆ. "ಇರಬೇಕು ಮೇಡಂ."

ಮ್ಯಾನೇಜರಮ್ಮ ಮೇಸ್ತ್ರಿಯ ಕಡೆ ತಿರುಗಿದರು.

"ಸರಿಯಾಗೇ ಬರೆದಿದಾಳೆ," ಎಂದರು ಮೇಸ್ತ್ರಿ. "ಒಂದಕ್ಷರ ಹೊಡೆಯೋದು ಬೇಡ."

ಸೊಸೆಗೆ ಇನ್ನು ಕಾಯಲಾಗಲಿಲ್ಲ. "ಹಾಗಾದ್ರೆ ನಾನು ಪಾಸಾ ಮೇಡಂ?"

"ನಿನ್ನ ಕಾಯಂ ಆದೇಶಕ್ಕೆ ನಾನು ಹೋದ ವಾರಾನೇ ಸಹಿ ಹಾಕಿದೀನಮ್ಮ," ಎಂದರು ಮ್ಯಾನೇಜರಮ್ಮ. ಹಾಳೆಯನ್ನು ಮೆಲ್ಲಗೆ ಮಡಚಿದರು. "ಇವತ್ತು ಪರೀಕ್ಷೆ ಇದ್ದದ್ದು ಆ ಎರಡು ಲಾರಿದನ್ನೂ ಇದನ್ನೂ ಜೋಡಿಸಿದ ಮೇಸ್ತ್ರಿಗೆ. 'ನೋಡೋಳು ನನ್ನ ಸೊಸೇನೇ ಆಗಬೇಕು, ಅವಳಾದ್ರೆ ಏನನ್ನೂ ಬಿಡಲ್ಲ' ಅಂತ ಹಟ ಹಿಡಿದು ಕೇಳಿಕೊಂಡವರೂ ಅವರೇ."