ಡ್ರೈವರ್ ಸೀಟಿನ ಮರ್ಯಾದೆ

ಮನುಕುಲದ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಸಂಗತಿ: ಆ ಬೆಳಿಗ್ಗೆ ಲಾರಿಯ ಡ್ಯಾಶ್‌ಬೋರ್ಡಿನಲ್ಲಿ ಕಡಲೆಕಾಳಿನಷ್ಟು ದೊಡ್ಡ ಕೆಂಪು ದೀಪವೊಂದು ಹತ್ತಲಿಲ್ಲ. ಸಾಮ್ರಾಜ್ಯಗಳು ಇದಕ್ಕಿಂತ ಚಿಕ್ಕ ಕಾರಣಕ್ಕೆ ಉರುಳಿವೆ. ಹಾರ್ನು, ಹೆಡ್‌ಲೈಟು, ಸ್ಟಾರ್ಟರು ಎಲ್ಲವೂ ದೀಪದ ಜೊತೆ ಸೇರಿ ಮೌನವ್ರತ ಹಿಡಿದಿದ್ದವು.

ಲಾರಿ ಸೈನ್ಯದ್ದು, ಅಂದರೆ ಒಂದು ಕಾಲಕ್ಕೆ. ಸೈನ್ಯಕ್ಕೆ ಸಾಕಾಗಿ ಹರಾಜಿಗಿಟ್ಟದ್ದನ್ನು ಅಳಿಯ ತನ್ನ ಬಟ್ಟೆ ಅಂಗಡಿ ಮಾರಿ ಕೊಂಡಿದ್ದ. ಲಾರಿ ಓಡಿಸಲು ಅವನಿಗೆ ಬಾರದು. ಅದೇನು ದೊಡ್ಡ ಅಡ್ಡಿಯಲ್ಲ, ಮಾವ ಇದ್ದರಲ್ಲ. ಸೈನ್ಯದಿಂದ ನಿವೃತ್ತರಾದವರು. “ಇಂಥ ಗಾಡಿ ಕಣ್ಣು ಮುಚ್ಕೊಂಡು ಓಡಿಸ್ಬಹುದು ಅಳಿಯಂದ್ರೇ” ಎಂದು ಪ್ರತಿ ಊಟಕ್ಕೂ ಒಮ್ಮೆ ಹೇಳಿದವರು.

ಹಿಂದಿನ ಸಂಜೆ ಹರಾಜು ಕಟ್ಟೆಯವರ ಡ್ರೈವರೇ ಲಾರಿಯನ್ನು ಮಾವನ ಮನೆಯ ಮುಂದಿನ ಬಯಲಿಗೆ ತಂದು ನಿಲ್ಲಿಸಿ ಹೋಗಿದ್ದ. ಕಾಗದಪತ್ರ ಕೈಗೆ ಬರುವ ಮೊದಲು ಸ್ಟೀರಿಂಗ್ ಮುಟ್ಟುವುದು ಮಾವನ ಶಿಸ್ತಿಗೆ ಒಗ್ಗದು. ಆಗ ಎಲ್ಲ ದೀಪಗಳೂ ಝಗಮಗಿಸುತ್ತಿದ್ದವು. ಬೆಳಗಾಗುವಷ್ಟರಲ್ಲಿ ಈ ಗತಿ.

ಇವತ್ತೇ ಕಂಟ್ರಾಕ್ಟರ್ ಬರುವವನಿದ್ದ. ಅವನ ಕಣ್ಣೆದುರು ಲಾರಿ ಬಯಲನ್ನು ಒಂದು ಸುತ್ತು ಹಾಕಿದರೆ ಕ್ವಾರಿಯ ಕಲ್ಲು ಸಾಗಿಸುವ ಕೆಲಸ ಅಳಿಯನದು. ಹಾಕದಿದ್ದರೆ ಅಳಿಯನಿಗೆ ಅತ್ತೆಮನೆಯ ವರಾಂಡವೇ ಶಾಶ್ವತ ವಿಳಾಸ.

ಮೆಕ್ಯಾನಿಕ್ ಲಾರಿಯಡಿ ಮಲಗಿದ್ದ. ಮಾವ ಡ್ರೈವರ್ ಸೀಟಿನಲ್ಲಿ ವಿರಾಜಮಾನರಾಗಿದ್ದರು. ಕೆಳಗಿನವನು ವೈರು ಮುಟ್ಟಬೇಕು, ಮೇಲಿನವನು ಸ್ವಿಚ್ ಹಾಕಿ ಫಲ ಸಾರಬೇಕು. ಲೋಕದ ಎಲ್ಲ ಗ್ಯಾರೇಜುಗಳೂ ನಡೆಯುವುದು ಹೀಗೆಯೇ.

“ಹಾಕಿ ಯಜಮಾನ್ರೇ!”

“ಹಾಕಿದೆ!”

“ಏನಾದ್ರೂ ಬಂತಾ?”

“ಅಮಾವಾಸ್ಯೆ!”

ಎರಡು ಬ್ಯಾಟರಿ ಜೋಡಿಸಿ ಇಪ್ಪತ್ನಾಲ್ಕು ವೋಲ್ಟ್. ಅವೆರಡೂ ಗಟ್ಟಿಮುಟ್ಟಾಗಿದ್ದವು. ಬ್ಯಾಟರಿಯಿಂದ ಲಾರಿಯ ಮೈಗೆ ಹೋಗುವ ಅರ್ಥಿಂಗ್ ಪಟ್ಟಿಯ ಬುಡದಲ್ಲಿ ತುಕ್ಕು ಸಿಕ್ಕಿತು. ಮೆಕ್ಯಾನಿಕ್ ನಿಧಿ ಸಿಕ್ಕವನಂತೆ ಕೂಗಿ, ಉಜ್ಜಿ, ಮತ್ತೆ ಬಿಗಿದ.

“ಈಗ ಹಾಕಿ!”

“ಹಾಕಿದೆ! ಅದೇ ಅಮಾವಾಸ್ಯೆ!”

ಮಧ್ಯಾಹ್ನದ ಹೊತ್ತಿಗೆ ರೋಗದ ಜಾಡು ಸಿಕ್ಕಿತು. ಸೀಟಿನಡಿಯ ಮೇನ್ ಸ್ವಿಚ್ಚಿನವರೆಗೆ ಕರೆಂಟು ಬರುತ್ತಿದೆ, ಆಚೆ ಹೋಗುತ್ತಿಲ್ಲ.

“ಯಜಮಾನ್ರೇ, ಮೇನ್ ಸ್ವಿಚ್ ಪೂರ್ತಿ ತಿರುಗಿಸಿದ್ದೀರಾ?”

ಮಾವ ಸೀಟಿನಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂತರು.

“ಏನಯ್ಯಾ, ನೀನು ತೊಟ್ಟಿಲಲ್ಲಿದ್ದಾಗ ನಾನು ಹಿಮದ ಗುಡ್ಡದಲ್ಲಿದ್ದೆ. ನಾನೊಂದು ದಿನ ಕೈಕೊಟ್ಟಿದ್ರೆ ಇಡೀ ತುಕಡಿ ಉಪವಾಸ! ನನಗೆ ಸ್ವಿಚ್ ಪಾಠ ಮಾಡ್ತೀಯಾ?”

“ತಪ್ಪಾಯ್ತು. ಒಂಚೂರು ಇಳೀರಿ, ನಾನೇ ನೋಡ್ತೀನಿ.”

“ಗಾಡಿ ಕೆಟ್ಟಾಗ ಡ್ರೈವರ್ ಸೀಟು ಬಿಡಬಾರ್ದು. ಸೈನ್ಯದ ನಿಯಮ.”

ಅಳಿಯನ ಕಣ್ಣು ಹೆಮ್ಮೆಯಿಂದ ಒದ್ದೆಯಾಯಿತು. ಅಂಥ ನಿಯಮ ಯಾವ ಪುಸ್ತಕದಲ್ಲಿದೆ ಎಂದು ಕೇಳಿ ದೇಶದ್ರೋಹಿ ಅನ್ನಿಸಿಕೊಳ್ಳಲು ಮೆಕ್ಯಾನಿಕ್‌ಗೂ ಮನಸ್ಸಾಗಲಿಲ್ಲ.

“ಹಾಗಾದ್ರೆ ಸ್ವಿಚ್ ಬಿಟ್ಟು ಕೆಳಗಿಂದ್ಲೇ ನೇರ ವೈರ್ ಕೊಡ್ಲಾ?”

“ಧಾರಾಳವಾಗಿ ಕೊಡು. ಹೊತ್ಕೊಂಡ್ರೆ ಮೊದಲು ಸುಡೋದು ಕೆಳಗಿರೋನು. ಆಮೇಲೆ ಪಕ್ಕದಲ್ಲಿ ನಿಂತಿರೋ ನಮ್ಮ ಅಳಿಯಂದ್ರು.”

ಅಳಿಯ ನಾಲ್ಕು ಹೆಜ್ಜೆ ಹಿಂದೆ ಸರಿದ. ಮೆಕ್ಯಾನಿಕ್ ವೈರನ್ನು ಸುತ್ತಿಟ್ಟ.

ಅತ್ತೆ ಚಹಾ ತಂದರು. ಮಾವನ ಲೋಟ ಕಿಟಕಿಯ ಮೂಲಕ ಸೀಟಿಗೇ ಹೋಯಿತು. ಒಂದು ಗುಟುಕಿಗೆ ಅವರ ಮುಖ ಹುಳ್ಳಗಾಯಿತು. “ನೀರು ಕುದಿಯೋ ಮುಂಚೆ ಪುಡಿ ಹಾಕಿದ್ದೀಯ.”

“ನಿಮ್ಮಷ್ಟು ಅನುಭವ ನನಗೆಲ್ಲಿಂದ ಬರಬೇಕು?” ಎಂದರು ಅತ್ತೆ. ಗಂಡ ಹೆಂಡಿರ ಜಟಾಪಟಿಗೆ ಉಳಿದಿಬ್ಬರೂ ನಕ್ಕರು.

ಕಂಟ್ರಾಕ್ಟರ್ ಹೇಳಿದ ಹೊತ್ತಿಗೇ ಬಂದ. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ತೀರ್ಪು ಕೊಟ್ಟ: ಮೇನ್ ಸ್ವಿಚ್ ಸತ್ತಿದೆ. ಇಷ್ಟು ಹಳೆಯ ಲಾರಿಯ ಸ್ವಿಚ್ಚು ಅಂಗಡಿಯಲ್ಲಿ ಸಿಗದು, ಗುಜರಿಯಲ್ಲಿ ಹುಡುಕಬೇಕು.

“ಒಂದು ವಾರ ಟೈಮ್ ಕೊಡಿ ಸಾರ್,” ಅಳಿಯ ಕೈಮುಗಿದ. “ಅಂಗಡಿ ಮಾರಿ ತಗೊಂಡಿದ್ದೀನಿ.”

“ಕಲ್ಲು ಬೇಕಾದ್ರೆ ಕಾಯುತ್ತಪ್ಪ, ನಾನು ಕಾಯಲ್ಲ.” ಅವನು ಹಿಂದಿನ ಬೀದಿಯಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡವರ ಮನೆಯತ್ತ ನಡೆದ.

ಮಾವ ಕಿಟಕಿಯಿಂದ ಅರ್ಧ ದೇಹ ಹೊರಚಾಚಿ ಗುಡುಗಿದರು: “ಇವತ್ತು ಗಾಡಿ ಎದ್ದಿದ್ರೆ ತೋರಿಸ್ತಿದ್ದೆ ನಿಮಗೆಲ್ಲ, ಡ್ರೈವಿಂಗ್ ಅಂದ್ರೆ ಏನಂತ!”

“ಬೇಜಾರ್ ಮಾಡ್ಕೋಬೇಡಿ ಮಾವ,” ಎಂದು ಅಳಿಯನೇ ಅವರನ್ನು ಸಂತೈಸಿದ. ಆಮೇಲೆ ಮೆಕ್ಯಾನಿಕ್ ಜೊತೆ ಗುಜರಿ ಹುಡುಕಲು ಹೊರಟ.

ಬಯಲು ಖಾಲಿಯಾದ ಮೇಲೆ ಅತ್ತೆ ಲಾರಿಯ ಬಾಗಿಲಿಗೆ ಬಂದು ನಿಂತರು.

“ಇಳೀರಿ ಸಾಕು, ಎಲ್ರೂ ಹೋದ್ರು. ಹೀಗೆ ಸ್ವಿಚ್ ಆಫ್ ಮಾಡ್ಕೊಂಡು ಅದರ ಮೇಲೆ ಎಷ್ಟು ದಿನ ಅಂತ ಕೂತಿರ್ತೀರಿ? ಆ ಹುಡುಗನಿಗೆ ನಿಜ ಹೇಳಬಾರ್ದಾ?”

“ಅವನು ಅಂಗಡಿ ಮಾರೋ ಮುಂಚೆನೇ ಹೇಳೋಣ ಅಂತಿದ್ದೆ ಕಣೇ,” ಎಂದರು ಮಾವ. “ಬಾಯಿ ಬರಲಿಲ್ಲ.”

ಸೈನ್ಯದಲ್ಲಿದ್ದಷ್ಟು ಕಾಲವೂ ಮಾವ ಅಡುಗೆಯವರಾಗಿದ್ದರು. ಲಾರಿ ಓಡಿಸಲು ಅವರಿಗೆ ಬರುತ್ತಿರಲಿಲ್ಲ.